ಮೂರು ಸವಾರಿ ಆದರೆ ಆಟೋ ಹೊರಡುತ್ತದೆ

ಮುಂಬೈಯ ಬಾಂದ್ರಾ ಸ್ಟೇಷನ್ನಿನ ಪೂರ್ವದ ಕಡೆ ಇಳಿದು, ಬಿಕೆಸಿಯ ಆಫೀಸುಗಳಿಗೆ ಶೇರ್ ಆಟೋ ಹಿಡಿಯುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ಮೊದಲಿಗೆ ಕೇಳಿದೆ. ತುಂಬಾ ಕೈ ಮೇಲೆದ್ದವು. ಅಲ್ಲಿ ಏನಾಗುತ್ತದೆ ನೋಡಿ. ಜನ ಸಾಲಾಗಿ ನಿಲ್ಲುತ್ತಾರೆ. ಆಟೋ ಬಂದಿದೆ, ಡ್ರೈವರ್ ಇದ್ದಾನೆ, ರಸ್ತೆಯೂ ಬಿಟ್ಟಿದೆ, ಆದರೂ ಅವನು ಹೊರಡುವುದಿಲ್ಲ. ಮೂರು ಸವಾರಿ ಆಗಬೇಕು. ಮೊದಲು ಬಂದವನು ಕಾಯುತ್ತಾನೆ, ಎರಡನೆಯವಳೂ ಕಾಯುತ್ತಾಳೆ, ಮೂರನೆಯವರು ಬಂದ ಕೂಡಲೇ ಮೂವರೂ ಒಟ್ಟಿಗೆ ಹೊರಡುತ್ತಾರೆ. ನಾಲ್ಕನೆಯವನು ಎಷ್ಟೇ ಓಡಿ ಬಂದರೂ ಅವನಿಗೆ ಮುಂದಿನ ಆಟೋ. ಇಲ್ಲಿರುವುದು ಒಂದು ಸಾಲು ಮತ್ತು ಒಂದು ಷರತ್ತು. ಕಂಪ್ಯೂಟರಿನ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳು ಒಂದನ್ನೊಂದು ತುಳಿಯದೆ ನಡೆಯುವುದು ಈ ಎರಡನ್ನು ನಂಬಿಕೊಂಡೇ.

ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ, ಇಂಜಿನಿಯರಿಂಗ್ ಓದುತ್ತಿರುವ ಮತ್ತು ಈಗಷ್ಟೇ ಕೆಲಸಕ್ಕೆ ಸೇರಿದ ನಮ್ಮ ಮುಂಬೈ ಕನ್ನಡದ ಹುಡುಗ ಹುಡುಗಿಯರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಬೋರ್ಡಿನ ಮೇಲೆ ಬರೆದ ಪ್ರೋಗ್ರಾಮುಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಮಾಟುಂಗದಲ್ಲಿ ಆಟೋ ಓಡುವುದಿಲ್ಲ ಅಂತ ಹಿಂದಿನ ಸಾಲಿನಿಂದ ಒಬ್ಬರು ನೆನಪಿಸಿದರು, ನಿಜ, ಬಾಂದ್ರಾ ಮತ್ತು ಸಯನ್ ದಾಟಿ ಈ ಕಡೆಗೆ ಆಟೋ ಬರುವುದಿಲ್ಲ. ಅದಕ್ಕೇ ಎರಡನೇ ಉದಾಹರಣೆಯನ್ನು ಮಾಟುಂಗದ್ದೇ ತೆಗೆದುಕೊಂಡೆ.

ನಮ್ಮಪ್ಪ ಇಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಶಾಲೆಗೆ ರಜೆ ಇದ್ದಾಗ ನಾನು ಅಲ್ಲೇ ಇರುತ್ತಿದ್ದೆ. ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಕಿಟಕಿ, ಅದರ ಕಟ್ಟೆಯ ಮೇಲೆ ಆರು ಪ್ಲೇಟು ಹಿಡಿಯುತ್ತಿತ್ತು. ಒಳಗಿನಿಂದ ಭಟ್ಟರು ಇಡ್ಲಿ ತುಂಬಿ ಪ್ಲೇಟು ಇಡುತ್ತಾರೆ, ಹೊರಗಿನಿಂದ ಸಪ್ಲೈಯರ್ ಎತ್ತಿಕೊಂಡು ಹೋಗುತ್ತಾನೆ. ಭಟ್ಟರ ವೇಗ ಬೇರೆ, ಸಪ್ಲೈಯರ್ ವೇಗ ಬೇರೆ. ಕಟ್ಟೆ ತುಂಬಿದ್ದರೆ ಭಟ್ಟರು ಕಾಯಬೇಕು. ಕಟ್ಟೆ ಖಾಲಿ ಇದ್ದರೆ ಸಪ್ಲೈಯರ್ ಕಾಯಬೇಕು. ಇಡುವುದಕ್ಕೆ ಷರತ್ತು, ಆರಕ್ಕಿಂತ ಕಡಿಮೆ ಪ್ಲೇಟು ಇರಬೇಕು. ಎತ್ತುವುದಕ್ಕೆ ಷರತ್ತು, ಒಂದಾದರೂ ಪ್ಲೇಟು ಇರಬೇಕು. ನಿಮ್ಮ ಪಠ್ಯದಲ್ಲಿ ಇದಕ್ಕೆ ಬೌಂಡೆಡ್ ಬಫರ್ ಅಂತ ಹೆಸರು, ಈ ಷರತ್ತುಗಳಿಗೆ ಗಾರ್ಡ್ ಅಂತ ಹೆಸರು. ಗಾರ್ಡ್ ಅಂದರೆ ಕಾವಲು. ಷರತ್ತು ನಿಜವಾಗುವ ತನಕ ಬಾಗಿಲು ಬಿಡದ ಕಾವಲು.

ಇದರಲ್ಲಿ ಕಷ್ಟ ಏನಿದೆ ಅನ್ನಿಸಬಹುದು. ಕಟ್ಟೆಯ ಮೇಲಿನ ಪ್ಲೇಟಿನ ಲೆಕ್ಕವನ್ನು ಒಂದು ಸ್ಲೇಟಿನಲ್ಲಿ ಬರೆದಿಟ್ಟಿದ್ದಾರೆ ಅಂದುಕೊಳ್ಳಿ. ಭಟ್ಟರು ಸ್ಲೇಟು ನೋಡುತ್ತಾರೆ, 4 ಇದೆ. ಅದೇ ಹೊತ್ತಿಗೆ ಸಪ್ಲೈಯರ್ ಕೂಡ ನೋಡುತ್ತಾನೆ, 4 ಇದೆ. ಭಟ್ಟರು ಒಂದು ಕೂಡಿಸಿ 5 ಬರೆಯುತ್ತಾರೆ, ಸಪ್ಲೈಯರ್ ಒಂದು ಕಳೆದು 3 ಬರೆಯುತ್ತಾನೆ. ಒಂದು ಬಂತು, ಒಂದು ಹೋಯಿತು, ಕಟ್ಟೆಯ ಮೇಲೆ ನಾಲ್ಕೇ ಇವೆ. ಸ್ಲೇಟು 3 ಅನ್ನುತ್ತಿದೆ. ಕಂಪ್ಯೂಟರಿಗೆ ಸ್ಲೇಟು ಬಿಟ್ಟರೆ ಬೇರೆ ಕಣ್ಣಿಲ್ಲ. ನೋಡುವುದು, ಲೆಕ್ಕ ಹಾಕುವುದು, ಬರೆಯುವುದು, ಇದು ಮೂರು ಹೆಜ್ಜೆ, ನಡುವೆ ಯಾರೂ ಬಾಯಿ ಹಾಕಬಾರದು. ಆದ್ದರಿಂದ ಒಮ್ಮೆಗೆ ಒಬ್ಬರೇ ಸ್ಲೇಟು ಮುಟ್ಟಬೇಕು. ಆದರೆ ಅಷ್ಟೇ ಸಾಕಾಗುವುದಿಲ್ಲ. ಸ್ಲೇಟು ನನ್ನ ಕೈಗೆ ಬಂತು, ಅದರಲ್ಲಿ ಸೊನ್ನೆ ಇದೆ, ಈಗ ನಾನು ಏನು ಮಾಡಲಿ? ಸ್ಲೇಟು ಹಿಡಿದುಕೊಂಡೇ ಕಾದರೆ ಭಟ್ಟರು ಬರೆಯುವುದು ಹೇಗೆ? ವಾಪಸ್ ಇಟ್ಟು ನಿಮಿಷಕ್ಕೊಮ್ಮೆ ಬಂದು ‘ಭಟ್ರೇ, ಆಯ್ತಾ?’ ಅಂತ ಕೇಳುತ್ತಾ ನಿಂತರೆ ‘ತಡಿ ಮಾರಾಯ, ಆದಾಗ ಕೂಗ್ತೇನೆ’ ಅನ್ನುತ್ತಾರೆ. ಭಟ್ಟರು ಹೇಳಿದ್ದೇ ಸರಿ. ಸುಮ್ನೆ ಕೇಳುತ್ತಾ ನಿಲ್ಲುವುದು ಪ್ರೊಸೆಸರಿನ ಸಮಯವನ್ನು ನುಂಗುತ್ತದೆ, ಕೆಲಸ ಮಾಡಬೇಕಾದವರಿಗೂ ಅಡ್ಡ ಬರುತ್ತದೆ. ಕಾಯುವವನು ಮಲಗಿರಬೇಕು, ಆದಾಗ ಯಾರೋ ಎಬ್ಬಿಸಬೇಕು.

ಈ ಎಬ್ಬಿಸುವ ವಿಷಯಕ್ಕೆ ಮೊದಲು ಅಚ್ಚುಕಟ್ಟಾದ ಉಪಾಯ ಕೊಟ್ಟವರು ಹಾಲೆಂಡಿನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ. 1960ರ ದಶಕದಲ್ಲಿ ಅವರು ತಂದ ಸೆಮಾಫೋರ್ ಎಂಬ ಹೆಸರು ರೈಲ್ವೆಯದು, ಕಂಬದ ಮೇಲೆ ಕೈ ಎತ್ತಿ ಇಳಿಸುವ ಹಳೆಯ ಸಿಗ್ನಲ್. ನಮ್ಮಲ್ಲಿ ಅದಕ್ಕೆ ಕೈಮರ ಅನ್ನುತ್ತಾರೆ. ದಾರಿ ತೋರಿಸುವ ಇಂಥ ಕಂಬಕ್ಕೆ ಕರಾವಳಿಯಲ್ಲಿ ಕೈಕಂಬ ಅನ್ನುತ್ತಾರೆ, ಆ ಹೆಸರಿನ ಊರುಗಳೇ ಇವೆ, ನಿಮ್ಮಲ್ಲಿ ಕೆಲವರ ಅಜ್ಜಿಮನೆ ಅಲ್ಲೇ ಇರಬಹುದು. ಸೆಮಾಫೋರ್ ಒಳಗೆ ಒಂದು ಸಂಖ್ಯೆ ಇರುತ್ತದೆ. ಒಂದು ಕೆಲಸ ಅದನ್ನು ಕಡಿಮೆ ಮಾಡಿ ಒಳಗೆ ಹೋಗುತ್ತದೆ, ಸೊನ್ನೆ ಇದ್ದರೆ ಮಲಗುತ್ತದೆ. ಇನ್ನೊಂದು ಕೆಲಸ ಜಾಸ್ತಿ ಮಾಡುತ್ತದೆ, ಮಲಗಿದವರಲ್ಲಿ ಒಬ್ಬರು ಏಳುತ್ತಾರೆ. ಇಷ್ಟು ಚಿಕ್ಕ ಸಾಧನದಿಂದ ಎಂಥ ಕಟ್ಟಡವನ್ನೂ ಕಟ್ಟಬಹುದು. ಆದರೆ ಹತ್ತು ಕಡೆ ಬರೆದ ಪ್ರೋಗ್ರಾಮಿನಲ್ಲಿ ಒಂದು ಕಡೆ ವಾಪಸ್ ಜಾಸ್ತಿ ಮಾಡುವುದನ್ನು ಮರೆತರೆ ಎಲ್ಲ ನಿಂತುಹೋಗುತ್ತದೆ, ಯಾರು ಮರೆತರು ಅಂತ ಹುಡುಕುವುದಕ್ಕೂ ಗುರುತು ಸಿಗುವುದಿಲ್ಲ. ಷರತ್ತು ಕಟ್ಟೆಯ ಬಳಿ ಇಲ್ಲ, ಬಂದು ಹೋಗುವ ಪ್ರತಿಯೊಬ್ಬರ ಜೇಬಿನಲ್ಲಿ ಹಂಚಿಹೋಗಿದೆ. ನನ್ನ ಇಡೀ ಮಾತು ಈ ಒಂದು ದೂರಿನ ಮೇಲೆ ನಿಂತಿದೆ: ಯಾವಾಗ ಕಾಯಬೇಕು ಎಂಬುದು ಕಾಯುವವನ ಕೈಯಲ್ಲಿ ಇರಬಾರದು, ವಸ್ತು ಎಲ್ಲಿದೆಯೋ ಆ ಬಾಗಿಲಲ್ಲೇ ಇರಬೇಕು.

1970ರ ದಶಕದ ಮೊದಲ ವರ್ಷಗಳಲ್ಲಿ ಪೇರ್ ಬ್ರಿಂಚ್ ಹ್ಯಾನ್ಸನ್ ಮತ್ತು ಟೋನಿ ಹೋರ್ ಇದೇ ದಾರಿಯಲ್ಲಿ ಯೋಚಿಸಿ ಮಾನಿಟರ್ ಎಂಬುದನ್ನು ರೂಪಿಸಿದರು. ದತ್ತಾಂಶ ಮತ್ತು ಅದನ್ನು ಮುಟ್ಟುವ ಎಲ್ಲ ಕೆಲಸ ಒಂದು ಕೋಣೆಯೊಳಗೆ, ಒಮ್ಮೆಗೆ ಒಬ್ಬರೇ ಒಳಗೆ. ಷರತ್ತು ಕೂಡಿಬರದಿದ್ದರೆ ಕೋಣೆಯ ಪಕ್ಕದ ಬೆಂಚಿನ ಮೇಲೆ ಕೂರಬೇಕು, ಆಮೇಲೆ ಯಾರಾದರೂ ಸಿಗ್ನಲ್ ಕೊಟ್ಟು ಎಬ್ಬಿಸುತ್ತಾರೆ. ಜಾವಾ ಭಾಷೆಯಲ್ಲಿ ಕಾಯಿ ಅನ್ನುವ ವೇಟ್ ಮತ್ತು ಎಬ್ಬಿಸು ಅನ್ನುವ ನೋಟಿಫೈ ಇದರ ಮಕ್ಕಳು.

ಇಲ್ಲಿ ನನ್ನದೇ ಒಂದು ಕಥೆ ಹೇಳಲೇಬೇಕು. ಕೆಲಸಕ್ಕೆ ಸೇರಿ ಎರಡನೇ ವರ್ಷ, ಪುಣೆಯಲ್ಲಿದ್ದೆ. ಬಾಟಲಿಗಳಿಗೆ ಲೇಬಲ್ ಹಚ್ಚುವ ಯಂತ್ರದ ಪ್ರೋಗ್ರಾಮು. ಒಂದೇ ಪ್ರೋಗ್ರಾಮಿನ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳಿಗೆ ಥ್ರೆಡ್ ಅನ್ನುತ್ತಾರೆ. ಒಂದು ಥ್ರೆಡ್ ಸೆನ್ಸರ್ ನೋಡಿ ಬಾಟಲಿ ಬಂತು ಅಂತ ಸಾಲಿಗೆ ಸೇರಿಸುತ್ತದೆ, ಎರಡು ಥ್ರೆಡ್ ಆ ಸಾಲಿನಿಂದ ತೆಗೆದು ಲೇಬಲ್ ಅಚ್ಚು ಹಾಕಿಸುತ್ತವೆ. ಹತ್ತು ಹನ್ನೆರಡು ದಿನ ಚೆನ್ನಾಗಿ ಓಡುತ್ತದೆ, ಒಂದು ದಿನ ಖಾಲಿ ಸಾಲಿನಿಂದ ತೆಗೆಯಲು ಹೋಗಿ ಬಿದ್ದುಹೋಗುತ್ತದೆ. ಎಲ್ಲಿ ಬೀಳುತ್ತದೆ ಅಂತ ತಿಳಿಯಲು ಪ್ರಿಂಟ್ ಆಜ್ಞೆಗಳನ್ನು ಸೇರಿಸಿದರೆ ಬೀಳುವುದೇ ಇಲ್ಲ, ಯಾಕೆಂದರೆ ಆ ಆಜ್ಞೆಗಳೇ ಓಟದ ಹದವನ್ನು ಬದಲಾಯಿಸುತ್ತಿದ್ದವು. ಮೂರು ವಾರ ನಿದ್ದೆ ಇಲ್ಲ. ಕೊನೆಗೆ ಕಾಗದದ ಮೇಲೆ ಒಂದೊಂದು ಹೆಜ್ಜೆ ಬರೆದು ನೋಡಿದಾಗ ಸಿಕ್ಕಿತು. ನಾನು ಬರೆದದ್ದು ‘ಸಾಲು ಖಾಲಿ ಇದ್ದರೆ ಕಾಯಿ, ಆಮೇಲೆ ತೆಗೆ’ ಅಂತ. ಮೊದಲ ಥ್ರೆಡ್ ಮಲಗಿದೆ. ಬಾಟಲಿ ಬಂತು, ಸೆನ್ಸರ್ ಥ್ರೆಡ್ ಎಬ್ಬಿಸಿತು. ಎದ್ದ ಥ್ರೆಡ್ ಕೋಣೆಯೊಳಗೆ ಬರಲು ಮತ್ತೆ ಬೀಗ, ಅಂದರೆ ಒಬ್ಬರೇ ಒಳಗಿರುವ ಹಕ್ಕು, ಪಡೆಯಬೇಕು. ಅಷ್ಟರಲ್ಲಿ ಎರಡನೇ ಥ್ರೆಡ್, ಮಲಗೇ ಇರದಿದ್ದದ್ದು, ಹೊರಗಿನಿಂದ ನೇರ ನುಗ್ಗಿ ಆ ಬಾಟಲಿಯನ್ನು ಎತ್ತಿಕೊಂಡುಬಿಟ್ಟಿತು. ಮೊದಲನೆಯದು ಒಳಗೆ ಬಂದಾಗ ಸಾಲು ಮತ್ತೆ ಖಾಲಿ. ಆದರೆ ಅದು ಎಬ್ಬಿಸಿದ್ದಾರೆ ಅಂದರೆ ಇದೆ ಅಂತಲೇ ನಂಬಿಕೊಂಡು ಕೈ ಹಾಕಿತು.

ಸರಿಪಡಿಸಲು ಒಂದೇ ಪದ ಸಾಕಾಯಿತು. ಇಫ್ ಇದ್ದ ಕಡೆ ವೈಲ್, ‘ಖಾಲಿ ಇದ್ದರೆ’ ಅನ್ನುವ ಬದಲು ‘ಖಾಲಿ ಇರುವ ತನಕ’. ಎದ್ದ ಮೇಲೆ ಮತ್ತೆ ಷರತ್ತು ನೋಡು, ಇಲ್ಲದಿದ್ದರೆ ಮತ್ತೆ ಮಲಗು. ಹೋರ್ ಅವರ ಮಾನಿಟರಿನಲ್ಲಿ ಹೀಗಾಗುವುದಿಲ್ಲ, ಅಲ್ಲಿ ಸಿಗ್ನಲ್ ಕೊಟ್ಟವನು ಬೀಗವನ್ನು ಎದ್ದವನ ಕೈಗೇ ಇಡುತ್ತಾನೆ. ಆದರೆ ಮೆಸಾ ಎಂಬ ಭಾಷೆಯ ಅನುಭವದ ಮೇಲೆ ಲ್ಯಾಂಪ್ಸನ್ ಮತ್ತು ರೆಡೆಲ್ 1980ರಲ್ಲಿ ಬರೆದ ಲೇಖನದಲ್ಲಿ ಸಿಗ್ನಲ್ ಬರೀ ಸುಳಿವು, ಭರವಸೆ ಅಲ್ಲ. ಇವತ್ತು ಜಾವಾ, ಪೈಥಾನ್, ಸಿ ಎಲ್ಲದರಲ್ಲೂ ನಡೆಯುವುದು ಈ ಎರಡನೇ ಪದ್ಧತಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಿಮಗೆ ಹೇಳಬೇಕು ಅಂತಲೇ ನಾನು ಇವತ್ತು ಬಂದದ್ದು.

ಷರತ್ತನ್ನು ಭಾಷೆಯ ಒಳಗೇ ಸೇರಿಸಿದವರ ಕಥೆ ಇನ್ನೂ ಚೆಂದ. 1975ರಲ್ಲಿ ಡೈಕ್‌ಸ್ಟ್ರಾ ಗಾರ್ಡೆಡ್ ಕಮಾಂಡ್ ಬಗ್ಗೆ ಬರೆದರು, ಪ್ರತಿ ಆಜ್ಞೆಯ ಮುಂದೆ ಒಂದು ಕಾವಲು. 1978ರಲ್ಲಿ ಹೋರ್ ಅದನ್ನು ಒಬ್ಬರಿಗೊಬ್ಬರು ಸಂದೇಶ ಕಳಿಸುವ ಕೆಲಸಗಳ ಜೊತೆ ಬೆಸೆದರು. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂದೇಶ ಸಾಗಿಸುವ ಚಾನೆಲ್‌ಗಳ ಬೇರು ಅಲ್ಲಿದೆ. ಅದೇ ಹೊತ್ತಿಗೆ ಅಮೆರಿಕದ ರಕ್ಷಣಾ ಇಲಾಖೆ, ತನ್ನಲ್ಲಿ ನೂರಾರು ಭಾಷೆಗಳಲ್ಲಿ ಬರೆದ ಪ್ರೋಗ್ರಾಮುಗಳಿವೆ, ಒಂದೇ ಭಾಷೆ ಬೇಕು ಅಂತ ಸ್ಪರ್ಧೆ ಇಟ್ಟಿತು. ಫ್ರಾನ್ಸಿನ ಝಾಂ ಇಶ್ಬಿಯಾ ಅವರ ತಂಡ ಗೆದ್ದಿತು. ಮೊದಲ ಪ್ರೋಗ್ರಾಮರ್ ಎಂದು ಹೇಳಲಾಗುವ ಅಡಾ ಲವ್‌ಲೇಸ್ ನೆನಪಿಗೆ ಭಾಷೆಗೆ ಅಡಾ ಅಂತ ಹೆಸರಿಟ್ಟರು, ಅವರು ಹುಟ್ಟಿದ ವರ್ಷವೇ ಅದರ ಸೇನಾ ಮಾನದಂಡದ ಸಂಖ್ಯೆ, 1815. ಬೋಯಿಂಗ್ 777 ವಿಮಾನದ ಪ್ರೋಗ್ರಾಮಿನಲ್ಲಿ ಬಹುಪಾಲು ಅಡಾ ಭಾಷೆಯದು.

ಅಡಾದ 1983ರ ರೂಪದಲ್ಲಿ ಕೆಲಸಕ್ಕೆ ಟಾಸ್ಕ್ ಅಂತ ಹೆಸರು. ಟಾಸ್ಕಿಗೆ ಬಾಗಿಲುಗಳಿರುತ್ತವೆ, ಎಂಟ್ರಿ ಅನ್ನುತ್ತಾರೆ, ಪ್ರತಿ ಬಾಗಿಲಿಗೂ ಅದರದೇ ಸಾಲು. ಕರೆಯುವವನು ಬಾಗಿಲಿಗೆ ಬರುತ್ತಾನೆ, ಒಳಗಿನವನು ಸ್ವೀಕರಿಸುತ್ತೇನೆ ಅನ್ನುತ್ತಾನೆ, ಯಾರು ಮೊದಲು ಬಂದರೂ ಇನ್ನೊಬ್ಬರಿಗೆ ಕಾಯುತ್ತಾರೆ. ಈ ಭೇಟಿಗೆ ರಾಂದೆವೂ ಅಂತ ಫ್ರೆಂಚ್ ಹೆಸರು. ಒಳಗಿನವನು ಹಲವು ಬಾಗಿಲು ತೆರೆದಿಟ್ಟು, ಒಂದೊಂದಕ್ಕೂ ‘ಇಂಥ ಷರತ್ತು ಇದ್ದರೆ ಮಾತ್ರ’ ಅಂತ ಕಾವಲು ಹಾಕಬಹುದು. ಚೆನ್ನಾಗಿದೆ, ಆದರೆ ಒಂದು ಸ್ಲೇಟು ಕಾಯುವುದಕ್ಕೆ ಸಂಬಳ ಕೊಟ್ಟು ಒಬ್ಬ ಆಳನ್ನು ಇಟ್ಟ ಹಾಗಾಯಿತು ಅಲ್ವಾ? ಬಂದವರಿಗೆಲ್ಲ ಅವನೇ ಎದ್ದು ಕೊಡಬೇಕು, ಒಂದು ಟಾಸ್ಕಿನಿಂದ ಇನ್ನೊಂದಕ್ಕೆ ಪ್ರೊಸೆಸರ್ ಪದೇ ಪದೇ ಹಾರಬೇಕು.

1995ರ ರೂಪದಲ್ಲಿ ಪ್ರೊಟೆಕ್ಟೆಡ್ ಆಬ್ಜೆಕ್ಟ್ ಬಂತು, ನನಗೆ ತುಂಬಾ ಇಷ್ಟವಾದದ್ದು ಇದು. ಆಳು ಇಲ್ಲ, ಬರೀ ಕಟ್ಟೆ ಮತ್ತು ಬಾಗಿಲು. ಸುಮ್ಮನೆ ಓದುವವರು ಹಲವರು ಒಟ್ಟಿಗೆ ಬರಬಹುದು. ಬದಲಾಯಿಸುವವರು ಒಬ್ಬೊಬ್ಬರೇ. ಕಾಯಬೇಕಾಗಿ ಬರುವ ಕೆಲಸಕ್ಕೆ ಎಂಟ್ರಿ, ಅದರ ಮೇಲೆ ಷರತ್ತು ಬರೆದಿರುತ್ತದೆ, ಕೆಳಗೆ ಸಾಲು. ಯಾರೂ ಯಾರಿಗೂ ಸಿಗ್ನಲ್ ಕೊಡುವ ಹಾಗಿಲ್ಲ, ಕೊಡುವುದನ್ನು ಮರೆಯುವ ಪ್ರಶ್ನೆಯೇ ಇಲ್ಲ. ಒಳಗೆ ಹೋಗಿ ಏನಾದರೂ ಬದಲಾಯಿಸಿ ಹೊರಡುವಾಗ, ಬಾಗಿಲು ದಾಟುವ ಮೊದಲು, ಷರತ್ತುಗಳನ್ನು ಮತ್ತೆ ನೋಡಲಾಗುತ್ತದೆ. ಯಾವ ಸಾಲಿನ ಷರತ್ತು ಈಗ ನಿಜವಾಗಿದೆಯೋ ಅಲ್ಲಿ ಕಾಯುತ್ತಿರುವವರ ಕೆಲಸ ಆಗಲೇ ನಡೆಯುತ್ತದೆ. ಬೇಕಾದರೆ ಹೊರಡುತ್ತಿರುವ ಟಾಸ್ಕೇ ಕಾಯುತ್ತಿರುವವನ ಕೆಲಸವನ್ನೂ ಮುಗಿಸಿಕೊಟ್ಟು ಹೋಗಬಹುದು ಅಂತ ಭಾಷೆಯ ನಿಯಮ ಬಿಟ್ಟಿದೆ. ಸಪ್ಲೈಯರ್ ಒಂದು ಪ್ಲೇಟು ಎತ್ತಿದ, ಜಾಗ ಆಯಿತು, ಹೋಗುವ ಮುಂಚೆ ಭಟ್ಟರ ಕೈಯಲ್ಲಿದ್ದ ಪ್ಲೇಟನ್ನೂ ತಾನೇ ಕಟ್ಟೆಗೆ ಇಟ್ಟು ಹೋದ, ಹಾಗೆ.

ಇನ್ನೊಂದು ನಿಯಮ ಇದೆ, ಪುಣೆಯಲ್ಲಿ ನನ್ನನ್ನು ಮೂರು ವಾರ ಕಾಡಿದ್ದಕ್ಕೆ ಅದೇ ಔಷಧ. ಎರಡು ಬಗೆಯ ಕಾಯುವಿಕೆ ಇವೆ. ಷರತ್ತಿಗಾಗಿ ಸಾಲಿನಲ್ಲಿ ನಿಂತವರು ಕಾಂಪೌಂಡಿನ ಒಳಗೆ ನಿಂತ ಹಾಗೆ. ಇನ್ನೂ ಬೀಗವೇ ಸಿಗದೆ ಬಂದು ನಿಂತವರು ಕಾಂಪೌಂಡಿನ ಹೊರಗೆ. ಒಳಗಿನ ಸಾಲಿನಲ್ಲಿ ಷರತ್ತು ನಿಜವಾದವರು ಒಬ್ಬರಾದರೂ ಇರುವ ತನಕ ಹೊರಗಿನವರನ್ನು ಬಿಡುವುದಿಲ್ಲ. ಆದ್ದರಿಂದ ಎದ್ದವನ ಪ್ಲೇಟನ್ನು ನಡುವೆ ನುಗ್ಗಿ ಯಾರೂ ಕಸಿಯಲಾರರು. ಇದನ್ನು ಅಡಾದವರು ಮೊಟ್ಟೆಯ ಚಿಪ್ಪಿಗೆ ಹೋಲಿಸುತ್ತಾರೆ, ನನಗೆ ನಮ್ಮ ಕಾಂಪೌಂಡೇ ಹತ್ತಿರ.

ಈಗ ಆಟೋಗೆ ವಾಪಸ್ ಬರೋಣ, ಯಾಕೆಂದರೆ ಆಟೋ ಈ ನಿಯಮದ ಬೆಲೆಯನ್ನು ಚೆನ್ನಾಗಿ ತೋರಿಸುತ್ತದೆ. ಹತ್ತು ಎಂಬ ಒಂದು ಎಂಟ್ರಿ. ಆಟೋ ಹತ್ತುವ ಹತ್ತು, ಸಂಖ್ಯೆ ಅಲ್ಲ. ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಅಡಾದಲ್ಲಿ ಕೌಂಟ್ ಅಂತ ಬರೆದು ಕೇಳಬಹುದು. ಷರತ್ತು, ಸಾಲಿನಲ್ಲಿ ಮೂವರು ಇರಬೇಕು. ಮೂರನೆಯವರು ಬಂದರು, ಬಾಗಿಲು ತೆರೆಯಿತು, ಮೊದಲನೆಯವರು ಹತ್ತಿದರು. ಈಗ ಸಾಲಿನಲ್ಲಿ ಇಬ್ಬರೇ. ಷರತ್ತು ಸುಳ್ಳಾಯಿತು, ಬಾಗಿಲು ಮುಚ್ಚಿತು, ಒಬ್ಬರೇ ಆಟೋದಲ್ಲಿ! ಬೋರ್ಡಿನ ಮೇಲೆ ಇದನ್ನು ಬರೆದಾಗ ಮುಂದಿನ ಸಾಲಿನ ಒಬ್ಬ ಹುಡುಗಿ ‘ಒಂದು ಗುರುತು ಇಟ್ಟುಕೊಳ್ಳಬೇಕು ಸರ್’ ಅಂದಳು. ಅದೇ ಸರಿ. ಬಿಟ್ಟಿದೆ ಎಂಬ ಒಂದು ಗುರುತು, ಮೊದಲಿಗೆ ಸುಳ್ಳು. ಷರತ್ತನ್ನು ಹೀಗೆ ಬದಲಾಯಿಸಿ: ಸಾಲಿನಲ್ಲಿ ಮೂವರು ಇರಬೇಕು ಅಥವಾ ಗುರುತು ನಿಜ ಇರಬೇಕು. ಒಳಗೆ ಹೋದವರು ಮಾಡಬೇಕಾದ ಒಂದೇ ಕೆಲಸ, ಹಿಂದೆ ಸಾಲಿನಲ್ಲಿ ಇನ್ನೂ ಯಾರಾದರೂ ಇದ್ದರೆ ಗುರುತನ್ನು ನಿಜ ಮಾಡುವುದು, ಇಲ್ಲದಿದ್ದರೆ ಸುಳ್ಳು ಮಾಡುವುದು. ಮೊದಲನೆಯವರು ಹತ್ತಿದಾಗ ಹಿಂದೆ ಇಬ್ಬರು, ನಿಜ. ಎರಡನೆಯವರು ಹತ್ತಿದಾಗ ಹಿಂದೆ ಒಬ್ಬರು, ನಿಜ. ಮೂರನೆಯವರು ಹತ್ತಿದಾಗ ಯಾರೂ ಇಲ್ಲ, ಸುಳ್ಳು, ಬಾಗಿಲು ಮುಚ್ಚಿ ಮುಂದಿನ ಮೂವರಿಗೆ ತಯಾರು. ಬಾಗಿಲು ತೆರೆದಿರುವ ಆ ಚೂರು ಹೊತ್ತಿನಲ್ಲಿ ನಾಲ್ಕನೆಯವನು ಓಡಿ ಬಂದರೆ? ಅವನು ಕಾಂಪೌಂಡಿನ ಹೊರಗೆ. ಆ ನಿಯಮ ಇಲ್ಲದಿದ್ದರೆ ಈ ಪ್ರೋಗ್ರಾಮು ತಪ್ಪು. ಬರೆದರೆ ಒಂದೇ ಗೆರೆಯ ಷರತ್ತು, ಒಂದೇ ಗೆರೆಯ ಕೆಲಸ, ಅದರ ಹಿಂದೆ ಎಷ್ಟು ಯೋಚನೆ ಮಾಡಿದ್ದಾರೆ ನೋಡಿ. ಮೊದಲ ಸಲ ಇದನ್ನು ಅರ್ಥ ಮಾಡಿಕೊಂಡ ರಾತ್ರಿ ನನಗೆ ತುಂಬಾ ಖುಷಿಯಾಗಿತ್ತು, ಈಗಲೂ ಆಗುತ್ತದೆ.

ಷರತ್ತಿಗೆ ಕೆಲವು ಕಟ್ಟುಪಾಡುಗಳಿವೆ. ಬಾಗಿಲಿಗೆ ಬಂದವನ ಮನಸ್ಸಿನಲ್ಲಿರುವುದು ಬಾಗಿಲಿಗೆ ಕಾಣಿಸುವುದಿಲ್ಲ. ಹೋಟೆಲಿನಲ್ಲಿ ಮೂರು ಸೀಟು ಖಾಲಿ ಇವೆ, ‘ಸೀಟು ಇದ್ದರೆ’ ಅಂತ ಷರತ್ತು ಬರೆಯಬಹುದು, ‘ಬಂದವರು ಕೇಳಿದಷ್ಟು ಸೀಟು ಇದ್ದರೆ’ ಅಂತ ಅಡಾದಲ್ಲಿ ಬರೆಯಲಾಗುವುದಿಲ್ಲ. ಹಾಗಾದರೆ ಐದು ಜನರ ಕುಟುಂಬ ಬಂದರೆ? ಗಲ್ಲೆಯಲ್ಲಿ ಕೂತವರು ಒಳಗೆ ಕರೆದು ‘ಎಷ್ಟು ಜನ?’ ಅಂತ ಕೇಳುತ್ತಾರೆ, ಐದು ಅಂದರೆ ‘ಆ ಬೆಂಚಿನ ಮೇಲೆ ಕೂತಿರಿ, ಕರೀತೇನೆ’ ಅನ್ನುತ್ತಾರೆ. ಇದಕ್ಕೆ ಭಾಷೆಯಲ್ಲಿ ರೀಕ್ಯೂ ಎಂಬ ಪದವೇ ಇದೆ. ಒಳಗೆ ಬಿಟ್ಟು, ನೋಡಿ, ಬೇರೆ ಸಾಲಿಗೆ ಕಳಿಸುವುದು. ಇನ್ನೊಂದು, ಷರತ್ತಿನಲ್ಲಿ ಹೊರಗಿನ ಗಡಿಯಾರವನ್ನು ನಂಬಬಾರದು. ‘ಮೂರು ಗಂಟೆಯಾದರೆ’ ಅಂತ ಬರೆದರೆ, ಮೂರು ಹೊಡೆದಾಗ ಯಾರೂ ಒಳಗೆ ಹೊರಗೆ ಆಗದಿದ್ದರೆ ಷರತ್ತನ್ನು ನೋಡುವವರೇ ಇಲ್ಲ. ಹೊತ್ತಿನ ವಿಷಯ ಕಾಯುವವನ ಕಡೆ ಇರಲಿ, ಹತ್ತು ನಿಮಿಷ ನಿಲ್ಲುತ್ತೇನೆ, ಆಗದಿದ್ದರೆ ಹೊರಡುತ್ತೇನೆ ಅನ್ನುವ ಹಕ್ಕು ಅವನಿಗಿದೆ, ಭಾಷೆಯೂ ಅದಕ್ಕೆ ದಾರಿ ಕೊಟ್ಟಿದೆ.

ಸಾಲಿನ ಕ್ರಮ ಸಾಮಾನ್ಯವಾಗಿ ಮೊದಲು ಬಂದವರಿಗೆ ಮೊದಲು. ಲೋಕಲ್ ಟಿಕೆಟ್ ಕೌಂಟರಿನಲ್ಲಿ ಹೆಂಗಸರಿಗೆ ಬೇರೆ ಸಾಲು ಇರುವ ಹಾಗೆ ಆದ್ಯತೆಯ ಕ್ರಮವನ್ನೂ ಆರಿಸಬಹುದು. ಆದ್ಯತೆ ಬಂದ ಕಡೆ ಒಂದು ಅಪಾಯವೂ ಬರುತ್ತದೆ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ತಾನೇ ರೀಸೆಟ್ ಆಗುತ್ತಿತ್ತು. ಹವಾಮಾನದ ಮಾಹಿತಿ ಕೂಡಿಸುವ ಕಡಿಮೆ ಆದ್ಯತೆಯ ಟಾಸ್ಕ್ ಒಂದು ಬೀಗ ಹಿಡಿದಿತ್ತು. ಅದೇ ಬೀಗಕ್ಕೆ ಅತಿ ಮುಖ್ಯವಾದ ಟಾಸ್ಕ್ ಕಾಯುತ್ತಿತ್ತು. ನಡುವಿನ ಆದ್ಯತೆಯವು ಬಂದು ಪ್ರೊಸೆಸರ್ ಹಿಡಿದುಕೊಂಡು, ಬೀಗ ಹಿಡಿದ ಬಡಪಾಯಿಗೆ ಓಡಲು ಅವಕಾಶವೇ ಕೊಡಲಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಮುಗಿಯಲಿಲ್ಲ ಅಂತ ಕಂಡಾಗ ಕಂಪ್ಯೂಟರ್ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತಿತ್ತು. ಬೀಗ ಹಿಡಿದವನಿಗೆ, ಕಾಯುತ್ತಿರುವವನ ಆದ್ಯತೆಯನ್ನು ಸಾಲ ಕೊಡುವ ಆಯ್ಕೆಯೊಂದನ್ನು ಭೂಮಿಯಿಂದಲೇ ಹಾಕಿ ಸರಿ ಮಾಡಿದರು.

ಕೊನೆಗೆ ಒಬ್ಬ ಹುಡುಗ ಕೇಳಿದ, ‘ಸರ್, ನಾವೆಲ್ಲ ಪೈಥಾನ್ ಬರೆಯುವವರು, ಅಡಾ ಯಾಕೆ ತಿಳಿಯಬೇಕು?’ ಒಳ್ಳೆಯ ಪ್ರಶ್ನೆ. ನಿನ್ನ ಕಂಪ್ಯೂಟರಿನಲ್ಲೇ ಪೈಥಾನಿನ ಕ್ಯೂ ಎಂಬ ಲೈಬ್ರರಿಯ ಫೈಲು ಇದೆ, ಚಿಕ್ಕದು, ಮನೆಗೆ ಹೋಗಿ ತೆರೆದು ಓದು ಅಂದೆ. ಇಡುವುದಕ್ಕೆ ಒಂದು, ತೆಗೆಯುವುದಕ್ಕೆ ಒಂದು ಷರತ್ತು ಸಿಗುತ್ತದೆ, ನಮ್ಮಪ್ಪನ ಹೋಟೆಲಿನ ಕಟ್ಟೆಯೇ ಅದು. ಕಾಯುವ ಕಡೆ ಎರಡರ ಮುಂದೆಯೂ ಇರುವುದು ವೈಲ್, ಇಫ್ ಅಲ್ಲ. ಆಮೇಲೆ ಅದೇ ಸಾಮಾನು ಬಳಸಿ ಬಾಂದ್ರಾದ ಆಟೋ ಬರೆ. ಅಲ್ಲಿ ಕಾಂಪೌಂಡ್ ಇಲ್ಲ, ಎಬ್ಬಿಸಿದವರೂ ಹೊಸದಾಗಿ ಬಂದವರೂ ಒಂದೇ ಬೀಗಕ್ಕೆ ಮುಗಿಬೀಳುತ್ತಾರೆ. ನಾಲ್ಕನೆಯವನು ನುಗ್ಗದ ಹಾಗೆ ಬರೆಯುವುದು ಹೇಗೆ ಅಂತ ಯೋಚಿಸು, ಒಂದು ಸಾವಿರ ಸಲ ಓಡಿಸಿ ನೋಡು, ಪ್ರತಿ ಆಟೋದಲ್ಲಿ ಎಷ್ಟು ಜನ ಹೋದರು ಅಂತ ಎಣಿಸು. ಹುಡುಗ ಮೊಬೈಲಿನಲ್ಲಿ ಅದನ್ನು ಬರೆದುಕೊಂಡ, ಪಕ್ಕದಲ್ಲಿದ್ದ ಹುಡುಗಿ ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು.